ಕಾಲಡಿಯ ತೊಗಟೆ, ಅದರಡಿಯ ತೇವ

ಕಕ್ಕಡ ತಿಂಗಳ ಮಳೆ ಹಿಡಿದರೆ ಕೊಡಗಿನ ಹಾರಂಗಿ ಸುತ್ತಲಿನ ಊರುಗಳಲ್ಲಿ ದಿನದ ಮೊದಲ ಸುದ್ದಿ ಅಣೆಕಟ್ಟೆಯದು. ನೀರು ಭರ್ತಿಮಟ್ಟವಾದ 2,859 ಅಡಿಗೆ ಎಷ್ಟು ಹತ್ತಿರ ಬಂತು, ಗೇಟು ಎತ್ತಿದರೇ, ಹೊಳೆಗೆ ಎಷ್ಟು ಕ್ಯುಸೆಕ್ ಬಿಟ್ಟರು ಎಂದು ವಿಚಾರಿಸಿದ ಮೇಲೆಯೇ ಉಳಿದ ಮಾತು. ಎರಡನೆಯ ಸುದ್ದಿ ಪತ್ರಿಕೆಗೆ ಬರುವುದಿಲ್ಲ. ಅದು ಅಂಗಾಲಿಗೆ ಮಾತ್ರ ಗೊತ್ತು. ಬೆಳಿಗ್ಗೆ ಮಂಚದಿಂದ ಕಾಲಿಳಿಸಿದರೆ ಗ್ರಾನೈಟು ಕೊರೆಯುತ್ತದೆ, ವಿಟ್ರಿಫೈಡ್ ಟೈಲೂ ಹಾಗೆಯೇ. ಮನೆಯೊಳಗೂ ಚಪ್ಪಲಿ, ವಯಸ್ಸಾದವರಿಗೆ ಉಣ್ಣೆಯ ಕಾಲುಚೀಲ, ಮಂಚದ ಪಕ್ಕಕ್ಕೆ ಮಡಿಸಿ ಹಾಸಿದ ಹಳೆಯ ಕಂಬಳಿ. ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿಸಿದ ಹೊಳೆಯುವ ನೆಲದ ಮೇಲೆ ಕಾಲಿಡದೆ ಬದುಕುವ ಉಪಾಯಗಳಿವು.

ಇದಕ್ಕೆ ಪರಿಹಾರವಾಗಿ ಬೆಂಗಳೂರಿನಂಥ ನಗರಗಳ ಮಳಿಗೆಗಳು ತೋರಿಸುವ ವಸ್ತುಗಳಲ್ಲಿ ಕಾರ್ಕ್ ನೆಲಹಾಸು ಒಂದು. ಮೆತ್ತಗಿದೆ, ಬೆಚ್ಚಗಿದೆ, ಸದ್ದು ನುಂಗುತ್ತದೆ, ಮರ ಕಡಿಯದೆ ಸಿಗುತ್ತದೆ ಎಂಬ ನಾಲ್ಕು ಗುಣಗಳನ್ನು ಮಾರಾಟಗಾರರು ಒಂದೇ ಉಸಿರಿಗೆ ಹೇಳುತ್ತಾರೆ. ನಾಲ್ಕೂ ನಿಜ. ಆದರೆ ಆ ಮಾತುಗಳು ಹುಟ್ಟಿದ್ದು ಬಿಸಿಲು ಕಾಯುವ ದೇಶಗಳಲ್ಲಿ, ಇಲ್ಲವೇ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿಯನ್ನು ಕಾಯಿಸಿ ಒಣಗಿಸುವ ದೇಶಗಳಲ್ಲಿ. ಆರು ತಿಂಗಳು ಗೋಡೆಯೂ ಒಣಗದ ಕೊಡಗಿನಲ್ಲಿ ಕಾರ್ಕಿನ ಹಣೆಬರಹ ಬರೆಯುವುದು ಕಾರ್ಕಲ್ಲ, ಅದರ ಅಡಿಯ ಕಾಂಕ್ರೀಟು.

ಒಂಬತ್ತು ವರ್ಷಕ್ಕೊಮ್ಮೆ ಬರುವ ಫಸಲು

ಕಾರ್ಕ್ ಎಂದರೆ ಒಂದು ಜಾತಿಯ ಓಕ್ ಮರದ ಹೊರತೊಗಟೆ. ಕ್ವೆರ್ಕಸ್ ಸೂಬರ್ ಎಂಬ ಈ ಮರ ಬೆಳೆಯುವುದು ಮೆಡಿಟರೇನಿಯನ್ ಸಮುದ್ರದ ಪಶ್ಚಿಮದ ಅಂಚಿನಲ್ಲಿ: ಪೋರ್ಚುಗಲ್, ಸ್ಪೇನ್, ಮೊರಾಕ್ಕೊ, ಅಲ್ಜೀರಿಯಾ, ಇಟಲಿಯ ಕೆಲವು ಭಾಗಗಳು. ಜಗತ್ತಿಗೆ ಬೇಕಾದ ಕಾರ್ಕಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಪೋರ್ಚುಗಲ್ ಒಂದೇ ಕೊಡುತ್ತದೆ. ಕೊಡಗಿನ ತೋಟಗಳಲ್ಲಿ ಕರಿಮೆಣಸಿನ ಬಳ್ಳಿ ಹೊತ್ತು ನಿಂತ ಸಿಲ್ವರ್ ಓಕಿಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಲದ ಮರ.

ಕಾರ್ಕ್ ಮರ ನೆಟ್ಟವರು ಅವಸರ ಮಾಡುವಂತಿಲ್ಲ. ಮೊದಲ ಸಲ ತೊಗಟೆ ಸುಲಿಯಲು ಸುಮಾರು 25 ವರ್ಷ ಕಾಯಬೇಕು. ಆಮೇಲೆ ಪೋರ್ಚುಗಲ್ಲಿನ ಕಾನೂನಿನ ಪ್ರಕಾರ ಒಂಬತ್ತು ವರ್ಷಕ್ಕೊಮ್ಮೆ ಮಾತ್ರ. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಪಳಗಿದ ಕೆಲಸಗಾರರು ಕೊಡಲಿಯಿಂದ ಸೀಳಿ, ಒಳತೊಗಟೆಗೆ ಗಾಯವಾಗದಂತೆ ಹೊರಪದರವನ್ನು ಹಲಗೆ ಹಲಗೆಯಾಗಿ ಎಬ್ಬಿಸುತ್ತಾರೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ, ಮುಂದಿನ ಸರದಿ ಯಾವಾಗ ಎಂಬುದಕ್ಕೆ ಅದೇ ಲೆಕ್ಕ. ಮರ ಸಾಯುವುದಿಲ್ಲ. ಇನ್ನೂರು ವರ್ಷ ಬಾಳುವ ಮರ ಹದಿನೈದಕ್ಕೂ ಹೆಚ್ಚು ಸಲ ತೊಗಟೆ ಕೊಡಬಲ್ಲದು. ಪೋರ್ಚುಗಲ್ಲಿನ ಆಗುವಾಸ್ ದ ಮೌರಾ ಎಂಬ ಊರಿನಲ್ಲಿ 18ನೇ ಶತಮಾನದ ಕೊನೆಗೆ ನೆಟ್ಟ ಮರವೊಂದು ಇಂದಿಗೂ ಇದೆ. 2018ರಲ್ಲಿ ಅದು ಯುರೋಪಿನ ವರ್ಷದ ಮರವಾಗಿ ಆಯ್ಕೆಯಾಯಿತು.

ಮೊದಲ ಎರಡು ಸುಲಿತದ ತೊಗಟೆ ಒರಟು. ಸೀಸೆಯ ಬಿರಡೆಗೆ ಹೊಂದುವ ನಯವಾದ ತೊಗಟೆ ಸಿಗುವುದು ಮೂರನೆಯದರಿಂದ, ಅಂದರೆ ಮರಕ್ಕೆ ನಲವತ್ತು ದಾಟಿದ ಮೇಲೆ. ನೆಲಹಾಸಿಗೆ ಹೋಗುವುದು ಆ ಒರಟು ತೊಗಟೆ ಮತ್ತು ಬಿರಡೆ ಕೊರೆದು ಉಳಿದ ಚೂರುಗಳು. ಅವನ್ನು ಕಾಳಿನ ಗಾತ್ರಕ್ಕೆ ಅರೆದು, ಅಂಟು ಬೆರೆಸಿ, ಒತ್ತಡದಲ್ಲಿ ಹಲಗೆ ಮಾಡಿ ಕತ್ತರಿಸುತ್ತಾರೆ. ಬಿರಡೆ ಕಾರ್ಖಾನೆಯಲ್ಲಿ ಉಳಿಕೆ ಎನಿಸಿದ ಮಾಲು ಇಲ್ಲಿ ಪೂರ್ತಿ ಬಳಕೆಯಾಗುತ್ತದೆ. ಇದರ ಪರಿಸರಸ್ನೇಹದ ಮಾತಿಗೆ ಗಟ್ಟಿ ಆಧಾರ ಇರುವುದು ಇಲ್ಲಿ. ಸಾವಿರಾರು ಕಿಲೋಮೀಟರು ಹಡಗಿನಲ್ಲಿ ಬರುವ ಲೆಕ್ಕವನ್ನೂ ಸೇರಿಸಿಕೊಂಡೇ ಅದನ್ನು ತೂಗಬೇಕು.

ಕೊಡಗಿಗೆ ಈ ವಸ್ತು ಅಪರಿಚಿತವಲ್ಲ. ಕ್ರಿಕೆಟ್ ಚೆಂಡಿನ ತಿರುಳು ಕಾರ್ಕ್, ಬ್ಯಾಡ್ಮಿಂಟನ್ ಶಟಲ್ಲಿನ ತಲೆ ಕಾರ್ಕ್. 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭವಾಗುವುದಕ್ಕೂ ಬಹಳ ಹಿಂದೆ, ಪ್ಲಾಸ್ಟಿಕ್ ಚೆಂಡು ಬರುವ ಮುಂಚೆ, ಇಲ್ಲಿನ ಮೈದಾನಗಳಲ್ಲಿ ಉರುಳಿದ ಚರ್ಮದ ಹೊದಿಕೆಯ ಹಾಕಿ ಚೆಂಡಿನ ಒಳಗೂ ಇದೇ ಕಾರ್ಕ್ ಮತ್ತು ದಾರದ ಸುತ್ತು ಇತ್ತು. ಕೋಲಿನ ಹೊಡೆತಕ್ಕೆ ಅದುಮಿ ಮತ್ತೆ ಮೊದಲಿನ ಆಕಾರಕ್ಕೆ ಬರುವ ಗುಣಕ್ಕಾಗಿ ಅದನ್ನು ಆರಿಸಿದ್ದರು. ನೆಲಕ್ಕೂ ಬೇಕಾದ್ದು ಆ ಗುಣವೇ.

ಬೆಚ್ಚನೆಯ ಲೆಕ್ಕ

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಕಾರ್ಕಿನ ತೆಳು ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಅಲ್ಲಿ ಕಂಡದ್ದು ಸಾಲು ಸಾಲು ಗೂಡುಗಳು. ಒಂದು ಘನ ಇಂಚಿನಲ್ಲಿ 120 ಕೋಟಿಗೂ ಹೆಚ್ಚು ಗೂಡುಗಳಿವೆ ಎಂದು ಆತ ಲೆಕ್ಕ ಹಾಕಿದ. ಪ್ರತಿ ಗೂಡೂ ಮುಚ್ಚಿದ್ದು, ಒಳಗೆ ಗಾಳಿ. ಗೋಡೆಯಲ್ಲಿ ಸೂಬೆರಿನ್ ಎಂಬ ಮೇಣದಂಥ ಪದಾರ್ಥವಿದ್ದು ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಕಾರ್ಕಿನ ಗಾತ್ರದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಈ ಸೆರೆಸಿಕ್ಕ ಗಾಳಿಯೇ.

ಕಾರ್ಕ್ ನೆಲ ಬಿಸಿಯನ್ನು ಹುಟ್ಟಿಸುವುದಿಲ್ಲ. ಒಂದೇ ಮನೆಯಲ್ಲಿ ಒಂದು ಕೋಣೆಗೆ ಗ್ರಾನೈಟು, ಪಕ್ಕದ ಕೋಣೆಗೆ ಕಾರ್ಕ್ ಹಾಕಿ ಥರ್ಮಾಮೀಟರ್ ಇಟ್ಟರೆ ಎರಡೂ 21 ಡಿಗ್ರಿಯನ್ನೇ ತೋರಿಸಬಹುದು. ವ್ಯತ್ಯಾಸ ಆಗುವುದು ಅಂಗಾಲು ತಾಗಿದಾಗ. ಅಂಗಾಲಿನ ಚರ್ಮ ನೆಲಕ್ಕಿಂತ ಏಳೆಂಟು ಡಿಗ್ರಿ ಬೆಚ್ಚಗಿರುತ್ತದೆ. ಗ್ರಾನೈಟು ಆ ಶಾಖವನ್ನು ಎಳೆದುಕೊಂಡು ಒಳಗಿಳಿಸುತ್ತಲೇ ಹೋಗುತ್ತದೆ. ಕಾರ್ಕಿನ ಶಾಖ ಸಾಗಿಸುವ ಶಕ್ತಿ ಅದಕ್ಕಿಂತ ಹತ್ತಾರು ಪಟ್ಟು ಕಡಿಮೆ. ಮೇಲ್ಪದರ ಕ್ಷಣದಲ್ಲಿ ಕಾಲಿನ ಬಿಸಿಗೆ ಸಮನಾಗಿ ಅಲ್ಲಿಗೇ ನಿಲ್ಲುತ್ತದೆ. ತೇಗದ ಹಲಗೆ ಇವೆರಡರ ನಡುವೆ ಬರುತ್ತದೆ, ಕಾರ್ಕಿಗೇ ಹತ್ತಿರ.

ಮಳೆನಾಡಿನಲ್ಲಿ ಇದಕ್ಕೆ ಇನ್ನೊಂದು ಉಪಯೋಗವೂ ಇದೆ. ನಾಲ್ಕು ದಿನ ಥಂಡಿ ಹಿಡಿದು ಐದನೆಯ ದಿನ ಬೆಚ್ಚನೆಯ ತೇವಗಾಳಿ ನುಗ್ಗಿದಾಗ ಟೈಲಿನ ನೆಲ ಬೆವರುತ್ತದೆ. ಸೋರಿಕೆ ಎಂದು ಮೇಸ್ತ್ರಿಯನ್ನು ಕರೆಸಿದವರೂ ಇದ್ದಾರೆ. ಅದು ಸೋರಿಕೆಯಲ್ಲ. 24 ಡಿಗ್ರಿಯ ಗಾಳಿಯಲ್ಲಿ ಶೇ 90ರಷ್ಟು ಆರ್ದ್ರತೆ ಇದ್ದರೆ, 22 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲಾದರೂ ಅದು ನೀರಾಗಿ ಕೂರುತ್ತದೆ. ಕಲ್ಲು, ಟೈಲು, ಸಿಮೆಂಟು ನಿಧಾನವಾಗಿ ಬಿಸಿಯಾಗುವುದರಿಂದ ಹಳೆಯ ಥಂಡಿಯನ್ನು ಹಿಡಿದುಕೊಂಡಿರುತ್ತವೆ, ಹಾಗಾಗಿ ಬೆವರುತ್ತವೆ. ಕಾರ್ಕಿನ ಮೇಲ್ಮೈ ಗಾಳಿಯ ಉಷ್ಣತೆಯನ್ನು ಬೇಗ ಹಿಂಬಾಲಿಸುತ್ತದೆ, ಬೆವರುವುದು ಕಡಿಮೆ. ಒದ್ದೆ ಟೈಲಿನ ಮೇಲೆ ಜಾರಿ ಸೊಂಟ ಮುರಿದುಕೊಳ್ಳುವ ಭಯವಿರುವ ವಯಸ್ಸಾದವರ ಮನೆಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಮೆತ್ತನೆಯ ಗುಣ ಅಡುಗೆಮನೆಯಲ್ಲಿ ತಿಳಿಯುತ್ತದೆ. ಗಂಟೆಗಟ್ಟಲೆ ನಿಂತು ಕಡಂಬುಟ್ಟು ಕಟ್ಟುವವರ, ಪಂದಿಕರಿಯ ಪಾತ್ರೆ ಕಾಯುವವರ ಮೊಣಕಾಲಿಗೆ ಕಾಂಕ್ರೀಟಿಗಿಂತ ಕಾರ್ಕ್ ಹಿತ. ಅದುಮಿದಾಗ ಪಕ್ಕಕ್ಕೆ ಉಬ್ಬದೆ ಇದ್ದಲ್ಲಿಯೇ ತಗ್ಗುವುದು ಕಾರ್ಕಿನ ವಿಶೇಷ, ಭಾರ ತೆಗೆದರೆ ಬಹುಪಾಲು ಮೇಲೇಳುತ್ತದೆ. ಸದ್ದಿನ ವಿಚಾರಕ್ಕೆ ಬಂದರೆ, ಮಹಡಿಯ ಕೋಣೆಯಲ್ಲಿ ಮಕ್ಕಳು ಕುಣಿದರೆ ಕೆಳಗಿನ ಕೋಣೆಯಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ಹಾರಂಗಿ, ದುಬಾರೆ, ಕಾವೇರಿ ನಿಸರ್ಗಧಾಮ ನೋಡಬಂದ ಪ್ರವಾಸಿಗರಿಗೆ ಕೋಣೆ ಕೊಡುವ ಹೋಂಸ್ಟೇಗಳವರಿಗೆ ಈ ದೂರು ಹೊಸತಲ್ಲ. ಹೆಜ್ಜೆ, ಬಿದ್ದ ಚಮಚ, ಎಳೆದ ಕುರ್ಚಿ ಇವುಗಳ ಸದ್ದನ್ನು ಕಾರ್ಕ್ ತಗ್ಗಿಸುತ್ತದೆ. ಟಿವಿಯ, ಮಾತಿನ ಸದ್ದಿಗೆ ಅಷ್ಟಾಗಿ ಆಗುವುದಿಲ್ಲ, ಅದು ಗಾಳಿಯಲ್ಲಿ ಬಾಗಿಲು ಸಂದಿನಿಂದ ಹೋಗುವ ಸದ್ದು.

ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಜಲಪಾತವೊಂದರ ಮೇಲೆಯೇ ಕಟ್ಟಿದ ಫಾಲಿಂಗ್‌ವಾಟರ್ ಮನೆಯಲ್ಲಿ ಸ್ನಾನದ ಮನೆಗಳ ನೆಲಕ್ಕೂ ಗೋಡೆಗೂ ಕಾರ್ಕ್ ಹಾಕಿಸಿದ. ಅಷ್ಟು ನೀರಿನ ನಡುವೆಯೂ ಕಾರ್ಕ್ ಹಾಕಬಹುದು ಎನ್ನಲು ಇದನ್ನು ಎತ್ತಿ ಹೇಳುವವರು ಹಲವರು. ಆ ಕೋಣೆಗಳು ಬಂಡೆಯ ಮೇಲಿನ ಕಾಂಕ್ರೀಟಿನ ಮಹಡಿಗಳಲ್ಲಿವೆ ಎಂಬುದನ್ನು ಮಾತ್ರ ಯಾರೂ ಸೇರಿಸುವುದಿಲ್ಲ.

ಹಳೆಯ ನೆಲಗಳು ಏನು ಮಾಡುತ್ತಿದ್ದವು

ಕೊಡಗಿನ ಐನ್‌ಮನೆಗಳು ಗದ್ದೆಯನ್ನು ಎದುರಿಗಿಟ್ಟುಕೊಂಡು ಅದಕ್ಕಿಂತ ಎತ್ತರದ ಜಾಗದಲ್ಲಿ ಕೂತಿವೆ. ಓಣಿ ಹಾದು, ಮೆಟ್ಟಿಲೇರಿ ಕೈಯಾಲೆ ಎಂಬ ಜಗಲಿಗೆ ಬರಬೇಕು. ಬೊವ್ವೇರಿಯಂಡ ಚಿಣ್ಣಪ್ಪ ಮತ್ತು ನಂಜಮ್ಮ ದಂಪತಿ ಊರೂರು ಸುತ್ತಿ ದಾಖಲಿಸಿದ ನೂರಾರು ಐನ್‌ಮನೆಗಳ ವಿವರ ನೋಡಿದರೆ ಈ ಎತ್ತರ ಬರೀ ಠೀವಿಯದಲ್ಲ ಎಂದು ತಿಳಿಯುತ್ತದೆ. ಎತ್ತರಿಸಿದ ಕಟ್ಟೆಯ ಮೇಲಿನ ನೆಲಕ್ಕೆ ಮಣ್ಣಿನ ನೀರು ಹತ್ತಿ ಬರಲು ದೂರ ಹೆಚ್ಚು. ಕೈಯಾಲೆಯಲ್ಲಿ ಕೂರಲು ಐಮರದ ಹಲಗೆ. ತಣ್ಣನೆಯ ಕಟ್ಟೆಗೂ ಕೂತವರಿಗೂ ನಡುವೆ ದಪ್ಪ ಮರದ ಅಡ್ಡ. ಇಂದಿನ ಲೆಕ್ಕದಲ್ಲಿ ಹೇಳಿದರೆ, ಬೇಕಾದ ಕಡೆಗೆ ಮಾತ್ರ ಶಾಖನಿರೋಧಕ.

ಒಳಗಿನ ನೆಲ ಬಹಳ ಕಾಲ ಮಣ್ಣಿನದು, ಸಗಣಿ ಸಾರಿಸಿದ್ದು. ತೇವ ಬಂದರೂ ಅದು ಮೇಲಕ್ಕೆ ಹಾದು ಗಾಳಿಗೆ ಹೋಗುತ್ತಿತ್ತು, ಅಡಿಯಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಆಮೇಲೆ ಬಂದದ್ದು ಸುಟ್ಟ ಮಣ್ಣಿನ ಬಿಲ್ಲೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಛಾವಣಿಗೂ ನೆಲಕ್ಕೂ ಕೆಂಪು ಬಿಲ್ಲೆಗಳು ಪಶ್ಚಿಮ ಘಟ್ಟದ ಎರಡೂ ಕಡೆ ಹರಡಿದವು. ಸಿಮೆಂಟು ಬಂದಾಗ ರೆಡ್ ಆಕ್ಸೈಡ್ ನೆಲ ಬಂತು. ಕಬ್ಬಿಣದ ಆಕ್ಸೈಡ್ ಪುಡಿ ಕಲಸಿದ ಸಿಮೆಂಟನ್ನು ಕರಣೆಯಿಂದ ಉಜ್ಜಿ ಉಜ್ಜಿ, ನೀರು ನಿಲ್ಲಿಸಿ ಹದ ಮಾಡಿ, ಎಣ್ಣೆ ಮುಟ್ಟಿಸಿ ಹೊಳಪು ತರುವ ಕೆಲಸ ಅದು. ಒಳ್ಳೆಯ ಕೈಯಲ್ಲಿ ಮಾಡಿಸಿದ್ದು ಎರಡು ತಲೆಮಾರು ಬಂದಿದೆ. ವರ್ಷ ಹೋದಂತೆ ಅದರ ಹೊಳಪು ಹೆಚ್ಚುತ್ತದೆ. ಥಂಡಿ ಮಾತ್ರ ಅದಕ್ಕೂ ತಪ್ಪಿದ್ದಲ್ಲ. ಆದರೆ ನೆರೆ ನೀರು ಬಂದು ಹೋದರೂ ತೊಳೆದರೆ ಮೊದಲಿನಂತಾಗುತ್ತದೆ.

ಈ ನೆಲಗಳಲ್ಲಿ ಯಾವುದೂ ತೇವವನ್ನು ಪೂರ್ತಿ ತಡೆಯುತ್ತಿರಲಿಲ್ಲ, ಬಂದ ತೇವದಿಂದ ಹಾಳೂ ಆಗುತ್ತಿರಲಿಲ್ಲ. ಕಾರ್ಕಿನ ನೆಲ ಹಾಗಲ್ಲ. ಮೇಲಿನಿಂದ ಒಂದಿಷ್ಟು ನೀರು ಬಿದ್ದರೆ ತಡೆದುಕೊಳ್ಳುತ್ತದೆ. ಅಡಿಯಿಂದ ಬರುವ ತೇವಕ್ಕೆ ಸೋಲುತ್ತದೆ. ಸೋಲುವುದು ಹೆಚ್ಚಾಗಿ ಕಾರ್ಕಿನ ಗೂಡಲ್ಲ. ಕಾರ್ಕನ್ನು ನೆಲಕ್ಕೆ ಹಿಡಿದ ಅಂಟು ಮತ್ತು ಒಳಗಿನ ಮರದ ನಾರಿನ ಹಲಗೆ. ಎರಡರ ನಡುವಿನ ಕತ್ತಲು ಬೂಷ್ಟಿಗೆ ಜಾಗವಾಗುತ್ತದೆ.

ಒಂದು ಪ್ಲಾಸ್ಟಿಕ್ ಹಾಳೆ ಹೇಳುವ ಸತ್ಯ

ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಕುಶಾಲನಗರ, ಹಾರಂಗಿ ಕಡೆ ಅದರ ಅರ್ಧಕ್ಕಿಂತ ಕಡಿಮೆ. ಹಾಗೆಂದು ಇಲ್ಲಿನ ನೆಲ ಒಣ ಎನ್ನುವಂತಿಲ್ಲ. ಹುದುಗೂರಿನ ಬಳಿ ಕಟ್ಟಿದ 47 ಮೀಟರ್ ಎತ್ತರ, 846 ಮೀಟರ್ ಉದ್ದದ ಅಣೆಕಟ್ಟೆ 8.5 ಟಿಎಂಸಿ ನೀರು ಹಿಡಿಯುತ್ತದೆ. ಕೆಳಗೆ ನಾಲೆಗಳು, ಗದ್ದೆಗಳು. ಕೂಡಿಗೆಯಲ್ಲಿ ಹಾರಂಗಿ ಕಾವೇರಿಗೆ ಸೇರುತ್ತದೆ. 2018ರ ಆಗಸ್ಟಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ನದಿಯ ನೀರು ನುಗ್ಗಿತು. ಹೊಳೆ ಬಗಲಿನ ಬಡಾವಣೆಯ ನೆಲಮಹಡಿಗೆ ಕಾರ್ಕ್ ಹಾಕಿಸುವವರು ಮೊದಲು ಈ ಎರಡು ವರ್ಷಗಳನ್ನು ನೆನೆಯಬೇಕು. ಒಂದು ರಾತ್ರಿ ಮೊಣಕಾಲುದ್ದ ನೀರು ನಿಂತರೆ ಕಾರ್ಕಿನ ಹಲಗೆಯನ್ನು ಕಿತ್ತು ಹೊರಗೆ ಹಾಕುವುದೇ ಉಳಿದ ದಾರಿ. ಅಂಥ ಕಡೆ ರೆಡ್ ಆಕ್ಸೈಡೋ ಟೈಲೋ ಹಾಕಿ, ಕಾರ್ಕನ್ನು ಮಹಡಿಗೆ ಇಟ್ಟುಕೊಳ್ಳುವುದು ಜಾಣತನ.

ನೆರೆ ಬಾರದ ಜಾಗದಲ್ಲೂ ಪರೀಕ್ಷೆ ತಪ್ಪಿದ್ದಲ್ಲ. ಅದಕ್ಕೆ ಖರ್ಚಿಲ್ಲ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಚ್ಚಿ, ಕನಿಷ್ಠ 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಇಲ್ಲವೇ ಕಾಂಕ್ರೀಟು ಕಪ್ಪಗಾಗಿದ್ದರೆ ಅಡಿಯಿಂದ ತೇವ ಬರುತ್ತಿದೆ ಎಂದರ್ಥ. ಕೋಣೆಯ ನಡುವೆ ಒಂದು, ಹೊರಗೋಡೆಯ ಬುಡದಲ್ಲಿ ಒಂದು, ಸ್ನಾನದ ಮನೆಯ ಪಕ್ಕದಲ್ಲಿ ಒಂದು ಹೀಗೆ ಹಾಕಿ ನೋಡುವುದು ಒಳ್ಳೆಯದು. ಇದು ಒರಟು ಪರೀಕ್ಷೆ. ಹನಿ ಕಾಣದಿದ್ದರೂ ತೇವ ಇರಬಹುದು. ಹೆಚ್ಚು ಹಣ ಹಾಕುವವರು ಕಾಂಕ್ರೀಟಿನೊಳಗೆ ಸಣ್ಣ ತೂತು ಕೊರೆದು ಆರ್ದ್ರತೆ ಅಳೆಯುವ ಉಪಕರಣದಿಂದಲೂ ನೋಡಿಸುತ್ತಾರೆ.

ಪರೀಕ್ಷೆಯನ್ನು ಮಾಡುವ ಕಾಲವೂ ಮುಖ್ಯ. ಮಾರ್ಚಿ ತಿಂಗಳ ಬಿಸಿಲಿನಲ್ಲಿ ಯಾವ ನೆಲವೂ ಪಾಸಾಗುತ್ತದೆ.

ಹೊಸ ಮನೆಯಾದರೆ ಕೆಲಸ ಸುಲಭ. ತುಂಬಿದ ಮಣ್ಣಿನ ಮೇಲೆ ದಪ್ಪ ಜೆಲ್ಲಿಯ ಒಂದು ಪದರ ಹಾಕಿದರೆ ನೀರು ಮಣ್ಣಿನಿಂದ ಹತ್ತಿ ಬರುವ ದಾರಿ ಕಡಿಯುತ್ತದೆ, ದೊಡ್ಡ ಸಂದುಗಳಲ್ಲಿ ನೀರು ಮೇಲೇರದು. ಅದರ ಮೇಲೆ ದಪ್ಪ ಪಾಲಿಥಿನ್ ಹಾಳೆಯನ್ನು ಅಂಚಿನ ಮೇಲೆ ಅಂಚು ಬರುವಂತೆ ಹಾಸಿ, ಗೋಡೆಯ ಬುಡದ ತೇವ ತಡೆಯುವ ಪದರಕ್ಕೆ (ಡಿಪಿಸಿ) ಸೇರಿಸಿ, ಆಮೇಲೆ ಕಾಂಕ್ರೀಟು. ಗೆದ್ದಲಿನ ಔಷಧಿ ಕೂಡ ಈ ಹಂತದಲ್ಲಿಯೇ ಆಗಬೇಕು. ಕಾರ್ಕಿಗೆ ಗೆದ್ದಲು ಹತ್ತುವುದಿಲ್ಲ ಎನ್ನುವ ಮಾತನ್ನು ನೆಚ್ಚಿ ಕೂರುವುದು ಬೇಡ. ಜೋಡಿಸುವ ಹಲಗೆಗಳ ಒಳಗಿರುವುದು ಮರದ ನಾರು, ಅದು ಗೆದ್ದಲಿನ ಊಟವೇ. ಕಾಂಕ್ರೀಟು ಒಣಗಲು ಪ್ರತಿ ಇಂಚು ದಪ್ಪಕ್ಕೆ ಒಂದು ತಿಂಗಳು ಎನ್ನುವುದು ರೂಢಿಯ ಲೆಕ್ಕ. ನಾಲ್ಕಿಂಚಿಗೆ ನಾಲ್ಕು ತಿಂಗಳು, ಮಳೆಗಾಲ ನಡುವೆ ಬಂದರೆ ಅದು ಲೆಕ್ಕಕ್ಕಿಲ್ಲ.

ಹಳೆಯ ಮನೆಯಲ್ಲಿ ಅಡಿಯನ್ನು ಬಿಚ್ಚಲಾಗದು. ಅಲ್ಲಿ ತೇವ ತಡೆಯುವ ಎಪಾಕ್ಸಿ ಲೇಪವನ್ನು ಕಾಂಕ್ರೀಟಿನ ಮೇಲೆ ಬಳಿದು ನೋಡಬಹುದು. ಅದಕ್ಕೂ ಮೊದಲು ಹೊರಗಿನ ಕೆಲಸ: ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಸುರಿಯದಂತೆ ಮೋರಿ, ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಕಟ್ಟೆ, ಗೋಡೆಗೆ ಆನಿಸಿ ಏರಿಸಿದ ಹೂಕುಂಡ, ಮಣ್ಣಿನ ರಾಶಿ ಇದ್ದರೆ ತೆರವು. ಒಳಗಿನ ಎಷ್ಟೋ ತೇವ ಈ ಮೂರರಿಂದಲೇ ತಗ್ಗುತ್ತದೆ.

ಅಂಟಿಸುವುದೋ, ಜೋಡಿಸುವುದೋ

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಒಂದು, ನಾಲ್ಕರಿಂದ ಆರು ಮಿಲಿಮೀಟರ್ ದಪ್ಪದ, ಪೂರ್ತಿ ಕಾರ್ಕಿನ ಬಿಲ್ಲೆ. ಇದನ್ನು ನಯವಾದ ನೆಲಕ್ಕೆ ಅಂಟಿಸಿ, ಭಾರದ ರೋಲರು ಹಾಯಿಸಿ, ಮೇಲೆ ಪಾಲಿಯುರಿಥೇನ್ ವಾರ್ನಿಷು ಬಳಿಯುತ್ತಾರೆ. ಇನ್ನೊಂದು, ಹತ್ತು ಹನ್ನೆರಡು ಮಿಲಿಮೀಟರ್ ದಪ್ಪದ, ನಡುವೆ ಮರದ ನಾರಿನ ಗಟ್ಟಿ ಹಲಗೆಯಿಟ್ಟು ಮೇಲೆ ಕೆಳಗೆ ಕಾರ್ಕ್ ಅಂಟಿಸಿದ ಪಟ್ಟಿ. ಇದನ್ನು ಅಂಟಿಲ್ಲದೆ ಒಂದಕ್ಕೊಂದು ಕೊಕ್ಕೆ ಹಾಕಿ ಜೋಡಿಸುತ್ತಾರೆ. ಎರಡನೆಯದು ಒಂದೇ ದಿನದ ಕೆಲಸ, ಅಂಗಡಿಯವರು ಒತ್ತಾಯಿಸುವುದೂ ಅದನ್ನೇ. ಕೊಡಗಿನ ಹವೆಗೆ ಮೊದಲನೆಯದು ಮೇಲು. ಊದಿಕೊಳ್ಳುವ ನಾರಿನ ಹಲಗೆ ಅದರಲ್ಲಿಲ್ಲ, ಹಾಸಿದ ಮೇಲೆ ಬಳಿಯುವ ವಾರ್ನಿಷು ಸಂದುಗಳನ್ನೂ ಮುಚ್ಚುತ್ತದೆ, ಒಂದು ಬಿಲ್ಲೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಯಾವುದೇ ಆದರೂ, ಪೆಟ್ಟಿಗೆ ಬಿಚ್ಚಿ ಆ ಕೋಣೆಯಲ್ಲಿಯೇ ಎರಡು ಮೂರು ದಿನ ಇಡಬೇಕು. ಬಿಲ್ಲೆ ಅಲ್ಲಿನ ಗಾಳಿಗೆ ಹೊಂದಿಕೊಂಡು ಹಿಗ್ಗುವುದೋ ಕುಗ್ಗುವುದೋ ಮೊದಲೇ ಆಗಿಬಿಡಲಿ ಎಂದು. ಜೋಡಿಸುವ ಪಟ್ಟಿಯಾದರೆ ಗೋಡೆಯ ಸುತ್ತ ಅರ್ಧ ಇಂಚಿನ ಹತ್ತಿರ ಸಂದು ಬಿಟ್ಟು ಮೇಲೆ ಸ್ಕರ್ಟಿಂಗ್ ಹೊಡೆಯುತ್ತಾರೆ. ಅಂದಕ್ಕಾಗಿ ಈ ಸಂದನ್ನು ಸಿಮೆಂಟಿನಿಂದ ಮುಚ್ಚಿದರೆ ಮಳೆಗಾಲದಲ್ಲಿ ನೆಲ ಹಿಗ್ಗಲು ಜಾಗವಿಲ್ಲದೆ ಕೋಣೆಯ ನಡುವೆ ಉಬ್ಬುತ್ತದೆ.

ದಿನದ ಆರೈಕೆ

ಕಾರ್ಕ್ ನೆಲಕ್ಕೆ ದೊಡ್ಡ ಶತ್ರು ಬಕೆಟ್ಟು. ನೀರು ಚೆಲ್ಲಿ, ಫಿನಾಯಿಲ್ ಹಾಕಿ, ಉಜ್ಜಿ ತೊಳೆಯುವ ಅಭ್ಯಾಸ ಟೈಲಿಗೆ ಸರಿ. ಇಲ್ಲಿ ಮೆತ್ತನೆಯ ಪೊರಕೆಯಿಂದ ಗುಡಿಸಿ, ಹಿಂಡಿ ಹಿಂಡಿ ಹನಿ ಬೀಳದಂತೆ ಮಾಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಅಮೋನಿಯ ಇರುವ ದ್ರಾವಣ, ಬ್ಲೀಚು, ಬಿಸಿ ಹಬೆಯ ಮಾಪು ಇವು ವಾರ್ನಿಷನ್ನು ತಿನ್ನುತ್ತವೆ. ಕೆಲಸಕ್ಕೆ ಬರುವವರಿಗೆ ಇದನ್ನು ಮೊದಲ ದಿನವೇ ತೋರಿಸಿಕೊಡುವುದು ಒಳ್ಳೆಯದು, ಅವರ ಕೈಗೆ ರೂಢಿಯಾಗಿರುವುದು ಟೈಲಿನ ಪದ್ಧತಿ.

ಎರಡನೆಯ ಶತ್ರು ತೋಟದ ಮಣ್ಣು. ಬೂಟಿನ ಅಡಿಗೆ ಅಂಟಿ ಬರುವ ಮರಳು, ಸಣ್ಣ ಕಲ್ಲು ವಾರ್ನಿಷನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತವೆ. ಹೊಸ್ತಿಲ ಹೊರಗೊಂದು ಒರಟು ಕಾಲೊರಸು, ಒಳಗೊಂದು ಬಟ್ಟೆಯ ಕಾಲೊರಸು ಇದ್ದರೆ ಅರ್ಧ ಗೆದ್ದಂತೆ. ಒಳಗಿನದು ರಬ್ಬರ್ ತಳದ್ದಾಗಬಾರದು. ರಬ್ಬರು ಅಡಿಯಲ್ಲಿ ತೇವ ಹಿಡಿಯುತ್ತದೆ, ಕಾರ್ಕಿನ ಮೇಲೆ ಕಲೆಯನ್ನೂ ಬಿಡುತ್ತದೆ. ಒದ್ದೆ ಕೊಡೆ, ರೇನ್‌ಕೋಟು ಜಗಲಿಯಲ್ಲಿಯೇ ಉಳಿಯಲಿ. ಮನೆಮನೆಗೂ ನಾಯಿ ಇರುವ ಊರಿನಲ್ಲಿ ನಾಯಿಯ ಉಗುರು ಕತ್ತರಿಸುವುದೂ ನೆಲದ ಆರೈಕೆಯ ಲೆಕ್ಕಕ್ಕೇ ಸೇರುತ್ತದೆ.

ಅಡುಗೆಮನೆಯಲ್ಲಿ ಅರಿಸಿನ, ಎಣ್ಣೆ, ಕಾಚಂಪುಳಿ ಈ ಮೂರು ಚೆಲ್ಲಿದರೆ ತಕ್ಷಣ ಒರೆಸಬೇಕು. ಕಾಚಂಪುಳಿ ಕಡು ಹುಳಿ, ಕಡು ಕಪ್ಪು. ವಾರ್ನಿಷು ಎಲ್ಲಾದರೂ ತೆಳುವಾಗಿದ್ದರೆ ಅಲ್ಲಿಂದ ಇಳಿದ ಕಲೆ ಹೋಗದು. ಮಂಚ, ಬೀರು, ಸೋಫಾಗಳ ಕಾಲಿಗೆ ಫೆಲ್ಟಿನ ಬಿಲ್ಲೆ ಅಂಟಿಸಿದರೆ ಗೀರು ಬೀಳದು. ಬೀರುವಿನಂಥ ಭಾರದ ವಸ್ತುವಿಗೆ ಅಗಲವಾದ ಹಲಗೆಯ ತುಂಡು ಕೊಡುವುದು ಮೇಲು. ವರ್ಷಗಟ್ಟಲೆ ಒಂದೇ ಕಡೆ ಒತ್ತಿದ ಗುಳಿ ಪೂರ್ತಿ ಏಳುವುದಿಲ್ಲ. ಪೂರ್ವ, ಪಶ್ಚಿಮದ ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಬೇಸಗೆಯಲ್ಲಿ ಪರದೆ ಇರಲಿ, ಕಂಬಳಿ ಹಾಸಿದ್ದರೆ ಆಗಾಗ ಜಾಗ ಬದಲಿಸಲಿ.

ಮಳೆಗಾಲದ ಆರೈಕೆ ಬೇರೆ. ತಯಾರಕರು ಕೋಣೆಯ ಆರ್ದ್ರತೆ ಶೇ 35ರಿಂದ 65ರೊಳಗೆ ಇರಲಿ ಎನ್ನುತ್ತಾರೆ. ಜುಲೈ ತಿಂಗಳ ಕೊಡಗಿನಲ್ಲಿ ಅದು ಸುಲಭದ ಮಾತಲ್ಲ. ಮಳೆ ಬಿಟ್ಟ ಹೊತ್ತಿನಲ್ಲಿ ಎದುರುಬದುರಿನ ಕಿಟಕಿ ತೆಗೆದು ಗಾಳಿಯಾಡಿಸುವುದು, ಒದ್ದೆ ಬಟ್ಟೆಗಳನ್ನು ಕಾರ್ಕ್ ಇರುವ ಕೋಣೆಯಲ್ಲಿ ಹರವದಿರುವುದು, ಸಾಧ್ಯವಿದ್ದವರು ಡಿಹ್ಯೂಮಿಡಿಫೈಯರ್ ಓಡಿಸುವುದು, ಮಾಡಬಹುದಾದ್ದು ಇಷ್ಟು. ಬೀಗ ಹಾಕಿ ಬೆಂಗಳೂರಿಗೋ ವಿದೇಶಕ್ಕೋ ಹೋಗಿ ತಿಂಗಳುಗಟ್ಟಲೆ ಬಾರದವರ ಮನೆಗೆ ಕಾರ್ಕ್ ಹೇಳಿ ಮಾಡಿಸಿದ್ದಲ್ಲ. ಮುಚ್ಚಿದ ಮನೆಯಲ್ಲಿ ಬೂಷ್ಟು ಮೊದಲು ಹಿಡಿಯುವುದು ಚರ್ಮದ ಚಪ್ಪಲಿಗೆ, ಆಮೇಲೆ ಪುಸ್ತಕಕ್ಕೆ, ಆಮೇಲೆ ನೆಲದ ಅಂಚಿಗೆ.

ವಾರ್ನಿಷು ಸವೆದಿದೆಯೇ ಎಂದು ತಿಳಿಯಲು ಓಡಾಟ ಹೆಚ್ಚಿರುವ ಜಾಗದಲ್ಲಿ ನಾಲ್ಕು ಹನಿ ನೀರು ಹಾಕಿ ನೋಡಬೇಕು. ಮಣಿಯಾಗಿ ನಿಂತರೆ ಲೇಪ ಚೆನ್ನಾಗಿದೆ. ಹರಡಿ ಕಪ್ಪಗಾದರೆ ಮರುಲೇಪದ ಕಾಲ ಬಂದಿದೆ. ಸಾಮಾನ್ಯ ಬಳಕೆಯ ಮನೆಯಲ್ಲಿ ಐದಾರು ವರ್ಷಕ್ಕೊಮ್ಮೆ ಹಗುರವಾಗಿ ಉಜ್ಜಿ ಒಂದೆರಡು ಕೋಟು ಬಳಿದರೆ ನೆಲ ಇಪ್ಪತ್ತು ವರ್ಷ ದಾಟುವುದು ಕಷ್ಟವಲ್ಲ.

ಎಲ್ಲಿ, ಯಾವಾಗ

ಬೆಲೆ ವಿಟ್ರಿಫೈಡ್ ಟೈಲಿನ ಕೆಲವು ಪಟ್ಟು. ಆಮದಿನ ಮಾಲು, ಹಾಕಬಲ್ಲ ಕೆಲಸಗಾರರೂ ಊರಲ್ಲಿ ಸಿಗುವುದು ವಿರಳ. ಹಾಗಾಗಿ ಮನೆಯಿಡೀ ಕಾರ್ಕ್ ಎಂಬ ಯೋಚನೆಗೆ ಅರ್ಥ ಕಡಿಮೆ. ಮಹಡಿಯ ಮಲಗುವ ಕೋಣೆ, ಮಕ್ಕಳ ಕೋಣೆ, ಓದುವ ಕೋಣೆ ಇವಕ್ಕೆ ಹಾಕಿದರೆ ಹಣಕ್ಕೆ ತಕ್ಕ ಸುಖ. ಅಡಿಯಲ್ಲಿ ಮಣ್ಣಿಲ್ಲ, ಮೇಲೆ ಬಕೆಟ್ಟಿಲ್ಲ. ನೆಲಮಹಡಿಯಲ್ಲಿ ವಯಸ್ಸಾದವರ ಕೋಣೆಗೆ, ಪರೀಕ್ಷೆಯಲ್ಲಿ ಪಾಸಾದರೆ ಹಾಕಬಹುದು. ಸ್ನಾನದ ಮನೆ, ಹಿತ್ತಲ ಬಾಗಿಲು, ಜಗಲಿ, ಕಾಫಿ ಚೀಲ ಎಳೆದಾಡುವ ಉಗ್ರಾಣ ಇವೆಲ್ಲ ಕಲ್ಲಿಗೆ, ಸಿಮೆಂಟಿಗೆ ಬಿಟ್ಟ ಜಾಗ. ಅಷ್ಟು ಖರ್ಚು ಬೇಡವೆನ್ನುವವರು ಮರದ ಹಲಗೆಯ ನೆಲದ ಅಡಿಗೆ ತೆಳು ಕಾರ್ಕಿನ ಹಾಳೆ ಹಾಸಿ ಸದ್ದನ್ನಷ್ಟೇ ತಗ್ಗಿಸಿಕೊಳ್ಳಬಹುದು. ಅಥವಾ ಅಡುಗೆ ಕಟ್ಟೆಯ ಎದುರಿಗೆ, ಮಂಚದ ಪಕ್ಕಕ್ಕೆ ಕಾರ್ಕಿನ ಚಾಪೆ ಹಾಕಿ, ಮಳೆ ಮುಗಿದ ಮೇಲೆ ಎತ್ತಿ ಬಿಸಿಲಿಗಿಡಬಹುದು.

ಕೆಲಸ ಹಿಡಿಯುವವರಿಗೆ ಕೊಡಗಿನ ಹಬ್ಬಗಳೇ ಒಳ್ಳೆಯ ಪಂಚಾಂಗ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹೊತ್ತಿಗೆ ಮಣ್ಣು ವರ್ಷದಲ್ಲೇ ಅತಿ ಹೆಚ್ಚು ನೀರು ಕುಡಿದಿರುತ್ತದೆ, ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಬೇಕಾದ್ದು ಆಗ.  ಮೋರಿ, ಸುತ್ತುಕಟ್ಟೆಯ ರಿಪೇರಿ ಪುತ್ತರಿಯೊಳಗೆ ಮುಗಿಯಲಿ. ಡಿಸೆಂಬರಿನ ಇಬ್ಬನಿ, ಕಾಫಿ ಕೊಯ್ಲು ಎರಡೂ ಕಳೆದು ಫೆಬ್ರುವರಿಗೆ ಗಾಳಿ ಒಣಗಿದ ಮೇಲೆ ಎರಡನೆಯ ಪರೀಕ್ಷೆ. ಅದು ಹಾದುಹೋದರೆ ಮಾರ್ಚಿಯಲ್ಲಿ ಬಿಲ್ಲೆ ಅಂಟಿಸಿ, ವಾರ್ನಿಷು ಪೂರ್ತಿ ಗಟ್ಟಿಯಾಗಲು ಏಪ್ರಿಲ್ ಬಿಟ್ಟು, ಮೇ ಕೊನೆಯೊಳಗೆ ಸಾಮಾನು ಒಳ ತರಬಹುದು. ಮೊದಲ ಮಳೆಗಾಲ ಮುಗಿಯುವವರೆಗೆ ಹೊರಗೋಡೆಯ ಪಕ್ಕದ ಸಾಲಿಗೆ ಬೀರು ಆನಿಸದೆ ಖಾಲಿ ಬಿಟ್ಟರೆ, ಅಂಚು ಎದ್ದರೂ ಕಪ್ಪಗಾದರೂ ತಕ್ಷಣ ಕಣ್ಣಿಗೆ ಬೀಳುತ್ತದೆ, ಒಂದೆರಡು ಬಿಲ್ಲೆ ಬದಲಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕೆಂದು ಆರೇಳು ಬಿಲ್ಲೆಗಳನ್ನು ಅದೇ ಪೆಟ್ಟಿಗೆಯಿಂದ ಹೆಚ್ಚಿಗೆ ತೆಗೆದಿಡಬೇಕು. ಮುಂದಿನ ಸಲ ತರಿಸಿದ ಮಾಲಿನ ಬಣ್ಣ ಇದಕ್ಕೆ ಹೊಂದುವ ಭರವಸೆಯಿಲ್ಲ.